ಪದದ ಬಾಲ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ನರ್ಸಿಂಗ್ ಕಲಿಯುವ ಮಕ್ಕಳಿಗೂ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಹಿಡಿದು ಕಂಗಾಲಾಗುವ ಮನೆಯವರಿಗೂ ನಾನು ಹೇಳುವುದು ಒಂದೇ ಮಾತು. ವೈದ್ಯರ ಉದ್ದುದ್ದ ಪದ ಕಂಡರೆ ಮೊದಲು ಅದರ ಬಾಲ ಹಿಡಿಯಿರಿ.

ಈ ಪದಗಳಲ್ಲಿ ಬಹಳಷ್ಟು ಗ್ರೀಕಿನಿಂದ ಬಂದವು. ಶಾಲೆಯಲ್ಲಿ ಕಲಿತ ತತ್ಪುರುಷ ಸಮಾಸ ನೆನಪುಂಟಲ್ಲ? ಅರಮನೆ ಎಂದರೆ ಅರಸನ ಮನೆ. ಅದು ಮನೆ, ಅರಸ ಅಲ್ಲ. ಇಲ್ಲಿಯೂ ಹಾಗೆಯೇ, ಕೊನೆಯದ್ದೇ ಮುಖ್ಯ. ಗ್ಯಾಸ್ಟ್ರೊ ಎಂದರೆ ಜಠರ, ಐಟಿಸ್ ಎಂದರೆ ಉರಿಯೂತ. ಸೇರಿದರೆ ಗ್ಯಾಸ್ಟ್ರೈಟಿಸ್. ನಡುವಿನ 'ಒ' ಎಲ್ಲಿ ಹೋಯಿತು? ಊರು, ಅಲ್ಲಿ ಸೇರಿ ಊರಲ್ಲಿ ಆದಾಗ 'ಉ' ಹೋದಲ್ಲಿಗೇ. ನಮ್ಮ ಲೋಪಸಂಧಿಯೇ ಅದು! ಇದು ಹೊಳೆದ ದಿನದ ಖುಷಿ ನನಗೆ ಇವತ್ತಿಗೂ ಇಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಲ್ಪೆ ಕಡೆಯ ಅಮ್ಮ ಒಬ್ಬರು ಅಳುತ್ತಾ ಕೂತಿದ್ದರು. ಯಜಮಾನರಿಗೆ ಕಲ್ಲು ಅಡ್ಡ ಬಂದು ಮೂತ್ರ ಕಟ್ಟಿ, ಕಿಡ್ನಿ ಬಾತಿತ್ತು. ಮಾಡಬೇಕಿದ್ದದ್ದು ನೆಫ್ರಾಸ್ಟಮಿ. ದುಬೈಯಲ್ಲಿದ್ದ ಮಗನಿಗೆ ಯಾರೋ ಫೋನಿನಲ್ಲಿ ನೆಫ್ರೆಕ್ಟಮಿ ಎಂದುಬಿಟ್ಟಿದ್ದರು. ಅವನು ಮೊಬೈಲಿನಲ್ಲಿ ಹುಡುಕಿ, "ಅಮ್ಮಾ, ಅಪ್ಪನ ಕಿಡ್ನಿ ತೆಗೀತಾರಂತೆ, ಸಹಿ ಹಾಕ್ಬೇಡಿ" ಎಂದಿದ್ದ. ಹಾಕಲಿಲ್ಲ. ರಾತ್ರಿಯಿಡೀ ಆ ಕಿಡ್ನಿ ಹಾಗೇ ಕಟ್ಟಿಕೊಂಡಿತ್ತು.

ಬೆಳಿಗ್ಗೆ ಚೀಟಿಯ ಹಿಂದೆ ಬರೆದು ತೋರಿಸಿದೆ. ನೆಫ್ರೊ ಎಂದರೆ ಕಿಡ್ನಿ, ಅದು ಎರಡರಲ್ಲೂ ಉಂಟು. ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಇನ್ನೊಂದರ ಬಾಲ ಆಸ್ಟಮಿ, ಅದು ಸ್ಟೋಮದಿಂದ ಬಂದದ್ದು. ಸ್ಟೋಮ ಎಂದರೆ ಗ್ರೀಕಿನಲ್ಲಿ ಬಾಯಿ. "ಅಮ್ಮಾ, ಇದು ಕಿಡ್ನಿಗೊಂದು ಬಾಯಿ ಮಾಡುವುದು. ಬೆನ್ನಿನಿಂದ ಸಣ್ಣ ಟ್ಯೂಬ್ ಇಟ್ಟು ಕಟ್ಟಿದ ಮೂತ್ರ ಹೊರಗೆ ಬಿಡುವುದು. ಕಿಡ್ನಿ ಅಲ್ಲೇ ಇರ್ತದೆ."

"ಇಷ್ಟೆಯಾ ಡಾಕ್ಟ್ರೇ?" ಎಂದು ಸೆರಗಿನಿಂದ ಕಣ್ಣೊರೆಸಿ ಪೆನ್ನು ಕೇಳಿದರು. ನೋಡಿ, ಬಾಲ ತಪ್ಪಿದ್ದಕ್ಕೆ ಒಂದು ಇಡೀ ರಾತ್ರಿ ಹೋಯಿತು.

ಸಮಯ ಮುಗಿಯುತ್ತಾ ಬಂತು, ಉಚ್ಚಾರದ ಬಗ್ಗೆ ಬೇಗ ಹೇಳುತ್ತೇನೆ. ಗ್ರೀಕ್ ಮೂಲದ ಪದದಲ್ಲಿ 'ಸಿ ಎಚ್' ಬಂದರೆ ಅದು 'ಚ' ಅಲ್ಲ, 'ಕ'. ಪದದ ಮೊದಲಿಗೆ 'ಪಿ ಎನ್', 'ಪಿ ಎಸ್' ಬಂದರೆ 'ಪಿ' ಮಾತಾಡುವುದಿಲ್ಲ, ನ್ಯುಮೋನಿಯಾ, ಸೈಕಾಲಜಿ. ಎಕ್ಟಮಿಯಲ್ಲಿ 'ಎಕ್', ಆಸ್ಟಮಿಯಲ್ಲಿ 'ಆಸ್' ಒತ್ತಿ ಹೇಳಿ ಮಕ್ಕಳೇ, ದಯವಿಟ್ಟು ನುಂಗಬೇಡಿ. ಫೋನಿನ ಆ ಕಡೆ ಯಾರದ್ದೋ ಮಗ ಇರುತ್ತಾನೆ.

ಈಗ ಕೊಲೆಸಿಸ್ಟೆಕ್ಟಮಿ. ಕೊಲೆ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ. ಬಾಲ ನಿಮಗೆ ಗೊತ್ತುಂಟು, ನೀವೇ ಹೇಳಿ. ನಮಸ್ಕಾರ.