ದೋಮಿಯೇ ಹೆದರಿಕೊಂಡ ಅಂದವರು ಯಾರು?

ನಮಸ್ಕಾರ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೇ ಬಗ್ಗೆ ಮಾಡಿದ ಹೋದ ವಿಡಿಯೊ ಕೆಳಗೆ ಒಂದು ಕಾಮೆಂಟ್ ಬಂದಿದೆ. ‘ದೋಮಿಯೇ ಜೈಲು ನೋಡಿದ ಮೇಲೆ ಹೆದರಿದ. ರಾಜನ ತಂಟೆ ಬಿಟ್ಟು, ವಕೀಲರು, ಗಂಡ-ಹೆಂಡತಿ ಅಂತ ಚಿಲ್ಲರೆ ಚಿತ್ರ ಬರೆದುಕೊಂಡು ಕಾಲ ಕಳೆದ.’ ಅದಕ್ಕೆ ಲೈಕುಗಳು ಬೇರೆ!

ಚಿಲ್ಲರೆ? ಓದಿ ಮೈ ಉರಿಯಿತು.

ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಬಡವರ ದುಡ್ಡು ನುಂಗುವ ದೈತ್ಯನಾಗಿ ಬರೆದದ್ದು 1831ರಲ್ಲಿ. ಅದಕ್ಕೆ ಆರು ತಿಂಗಳ ಜೈಲು ಶಿಕ್ಷೆಯಾಯಿತು. ಹೊರಗೆ ಬಂದು 1834ರಲ್ಲಿ ಏನು ಬರೆದ? ಪ್ಯಾರಿಸ್ಸಿನ ಟ್ರಾನ್ಸ್‌ನೊನೈನ್ ಬೀದಿಯ ಮನೆಗೆ ಸೈನಿಕರು ನುಗ್ಗಿ ಜನರನ್ನು ಕೊಂದದ್ದನ್ನು. ರಾತ್ರಿ ಅಂಗಿಯಲ್ಲೇ ಹಾಸಿಗೆಯ ಪಕ್ಕ ಸತ್ತುಬಿದ್ದ ಗಂಡಸು, ಅವನ ಕೆಳಗೆ ಮಗು. ಹೆದರಿದವನು ಇದನ್ನು ಬರೀತಾನಾ? 1835ರಲ್ಲಿ ಕಾನೂನೇ ಬಂತು, ಅನುಮತಿ ಇಲ್ಲದೆ ಚಿತ್ರ ಅಚ್ಚು ಹಾಕುವ ಹಾಗಿಲ್ಲ ಅಂತ. ಆಮೇಲೆ ಅವನ ಕಣ್ಣು ಬೀದಿಗೆ, ಬಾಡಿಗೆ ಮನೆಗೆ, ಕೋರ್ಟಿಗೆ ತಿರುಗಿತು.

ನನ್ನ ಪ್ರಕಾರ ಅವನ ನಿಜವಾದ ಧೈರ್ಯ ಇರುವುದೇ ಇಲ್ಲಿ. 1845ರಿಂದ ಬಂದ ಕೋರ್ಟಿನ ಸರಣಿ ನೋಡಿ. ಒಂದು ಚಿತ್ರದಲ್ಲಿ ಕಳ್ಳತನ ಮಾಡಿದವನಿಗೆ ನ್ಯಾಯಾಧೀಶ ಹೇಳುತ್ತಾನೆ: ಹಸಿವಾಗಿತ್ತು ಅನ್ನೋದು ಒಂದು ಕಾರಣವಾ? ನನಗೂ ದಿನಾ ಹಸಿವಾಗುತ್ತೆ, ನಾನು ಕದೀತೀನಾ? ಇನ್ನೊಂದರಲ್ಲಿ ಕೇಸು ಸೋತ ಕಕ್ಷಿದಾರನಿಗೆ ವಕೀಲನ ಸಮಾಧಾನ: ಸೋತರೇನು, ನನ್ನ ವಾದ ಕೇಳೋ ಸುಖ ಸಿಕ್ಕಿತಲ್ಲ! ಹುಡುಗನಾಗಿದ್ದಾಗ ದೋಮಿಯೇ ಕೋರ್ಟ್ ಅಮೀನರೊಬ್ಬರ ಕಚೇರಿಯಲ್ಲಿ ಓಡಾಡಿಕೊಂಡಿದ್ದವನು. ಆ ಕರಿ ಗೌನುಗಳನ್ನು ಹತ್ತಿರದಿಂದ ಕಂಡಿದ್ದ.

ಇದು ಚಿಲ್ಲರೆಯಂತೆ!

‘ಜನ ನಕ್ಕು ಮರೆತರು ಅಷ್ಟೆ’ ಅಂತ ಇನ್ನೊಬ್ಬರ ವಾದ. ಅಲ್ಲಾ ಸ್ವಾಮಿ, ಈ ಚಿತ್ರಗಳು ಬರುತ್ತಿದ್ದ ವ್ಯಂಗ್ಯ ಪತ್ರಿಕೆ ‘ಲೆ ಶಾರಿವಾರಿ’ಯನ್ನು ಕೊಂಡು ಓದುತ್ತಿದ್ದವರೇ ಅನುಕೂಲಸ್ಥ ಮಧ್ಯಮವರ್ಗದವರು. ಅವರ ಕೈಗೇ ಅವರ ಮುಖ ಕೊಟ್ಟ. ದೂರದ ಅರಮನೆಯವನನ್ನು ಬೈಯೋದು ಸುಲಭ, ಚಂದಾ ಕಟ್ಟಿದವನನ್ನು ಬೈದು ನೋಡಿ! ಅಂದಹಾಗೆ, ನಮ್ಮ ಚಾನೆಲ್‌ಗೆ ಚಂದಾ ಇಲ್ಲ, ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಅವನ ಚಿತ್ರಗಳಲ್ಲಿ ಬರುವ ಮಹಾಮೋಸಗಾರ ಪಾತ್ರ ರಾಬರ್ಟ್ ಮಕೇರ್ ಬಗ್ಗೆ ಮಾತಾಡೋಣ.

ರಾಜನ ಕಥೆ 1848ರಲ್ಲಿ ಮುಗಿಯಿತು, ಸಿಂಹಾಸನ ಬಿಟ್ಟು ಓಡಿಹೋದ. ಆ ನ್ಯಾಯಾಧೀಶ ಎಲ್ಲಿಗೆ ಹೋದ ಹೇಳಿ? ಎಲ್ಲಿಗೂ ಹೋಗಿಲ್ಲ! ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಕಲ್ಲಚ್ಚಿನಲ್ಲಿ ಸುಮಾರು 4000 ಚಿತ್ರ ಮಾಡಿದ ಮನುಷ್ಯನನ್ನು ಪುಕ್ಕಲ ಅಂತೀರಲ್ಲ. ಮೊದಲು ಆ ಹಸಿವಿನ ಚಿತ್ರ ನೋಡಿ ಬನ್ನಿ, ಆಮೇಲೆ ಕಾಮೆಂಟ್ ಹಾಕಿ. ನಾನು ಇಲ್ಲೇ ಇರ್ತೀನಿ.