ಎರಡು ಪಥದ ರಸ್ತೆಯನ್ನು ಅಳೆಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರು–ಬೆಂಗಳೂರು ಹೆದ್ದಾರಿ ಅಗಲವಾದ ಮೇಲೆ ನಮ್ಮ ಸೀಮೆಯಲ್ಲಿ ರಸ್ತೆ ಎಂದೊಡನೆ ಅದರದೇ ಮಾತು. ಆದರೆ ಮಂಡ್ಯದ ಕಬ್ಬು ಕಾರ್ಖಾನೆ ಸೇರುವುದು, ಹಳ್ಳಿಯ ಮಕ್ಕಳು ಕಾಲೇಜು ಮುಟ್ಟುವುದು ಹೆಚ್ಚಾಗಿ ಏಳು ಮೀಟರ್ ಅಗಲದ ರಸ್ತೆಗಳಲ್ಲಿ. ಹೋಗಲು ಒಂದು ಪಥ, ಬರಲು ಒಂದು ಪಥ. ಇಂಥ ರಸ್ತೆ ಎಷ್ಟು ವಾಹನಗಳನ್ನು ತಾಳುತ್ತದೆ ಎಂಬುದು ಒಂದು ಪ್ರಶ್ನೆ. ಅದರ ಮೇಲಿನ ಪ್ರಯಾಣ ಹೇಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೊಡನೆ ಎರಡನೆಯದನ್ನು ಮರೆಯುತ್ತೇವೆ. ತೊಂದರೆ ಇರುವುದು ಅಲ್ಲಿಯೇ.

ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿ ಮೊದಲು ಹೊರಬಂದದ್ದು 1950ರಲ್ಲಿ. ಅದರ 2000ದ ಆವೃತ್ತಿಯ ಪ್ರಕಾರ ಇಂಥ ರಸ್ತೆಯ ಒಂದು ದಿಕ್ಕಿನಲ್ಲಿ ಗಂಟೆಗೆ ಹೆಚ್ಚೆಂದರೆ 1,700 ಕಾರುಗಳು ಸಾಗಬಹುದು. ಎರಡೂ ದಿಕ್ಕು ಸೇರಿದರೆ 3,400 ಆಗಬೇಕಲ್ಲವೇ? ಕೈಪಿಡಿ ಕೊಡುವುದು 3,200 ಮಾತ್ರ. ಇಲ್ಲಿ ಎರಡು ಪಥಗಳು ಒಂದರ ಹಂಗಿನಲ್ಲಿ ಇನ್ನೊಂದು ಇರುತ್ತವೆ. ಮುಂದಿನ ವಾಹನವನ್ನು ಹಿಂದಿಕ್ಕಬೇಕಾದರೆ ಎದುರಿನವರ ಪಥಕ್ಕೇ ಇಳಿಯಬೇಕು. ವಾಹನಗಳು ಹೆಚ್ಚಿದಷ್ಟೂ ಹಿಂದಿಕ್ಕುವ ಅಗತ್ಯ ಹೆಚ್ಚುತ್ತದೆ, ಅದೇ ಕಾರಣಕ್ಕೆ ಎದುರುಗಡೆ ಬಿಡುವು ಕಡಿಮೆಯಾಗುತ್ತದೆ. ಹೀಗಾಗಿ ರಸ್ತೆ ತುಂಬುವುದಕ್ಕೆ ಬಹಳ ಮೊದಲೇ ಪ್ರಯಾಣ ಕೆಡುತ್ತದೆ.

ಕಬ್ಬು ತುಂಬಿದ ಟ್ರ್ಯಾಕ್ಟರ್ ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಸಾಗುತ್ತಿದೆ ಎನ್ನಿ. ಹಿಂದೆ ಎರಡು ಟ್ರೇಲರ್, ಅಂಚು ಮೀರಿ ಚಾಚಿಕೊಂಡ ಕಬ್ಬಿನ ಜಲ್ಲೆ. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು. ಮೂರನೆಯ ಕಾರಿನವನಿಗೆ ಮುಂದಿನ ರಸ್ತೆ ಕಾಣುವುದೇ ಇಲ್ಲ. ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ರೂಪಿಸಿದ ರಸ್ತೆಯಲ್ಲಿ ಸುರಕ್ಷಿತವಾಗಿ ಹಿಂದಿಕ್ಕಲು 470 ಮೀಟರ್ ದೂರ ಕಾಣಬೇಕು ಎನ್ನುತ್ತದೆ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ನಾಲೆಯ ಏರಿಯ ತಿರುವುಗಳಲ್ಲಿ ಅಷ್ಟು ದೂರ ಎಲ್ಲಿ ಕಾಣುತ್ತದೆ? ಕಾದು ಕಾದು ಸಹನೆ ಕಳೆದುಕೊಂಡವನು ತಿರುವಿನಲ್ಲೇ ನುಗ್ಗುತ್ತಾನೆ. ಇದರಲ್ಲಿ ರೈತನ ತಪ್ಪೇನೂ ಇಲ್ಲ. ಅವನ ಕಬ್ಬಿಗೂ ಅದೇ ರಸ್ತೆ ಬೇಕು. 2023ರ ಆಗಸ್ಟಿನಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥಗಳಲ್ಲಂತೂ ಟ್ರ್ಯಾಕ್ಟರಿಗೆ ಪ್ರವೇಶವೇ ಇಲ್ಲ.

ನಮ್ಮ ಎಂಜಿನಿಯರುಗಳು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ ಮೋಟಾರ್ ಸೈಕಲ್ಲಿಗೆ ಅರ್ಧ, ಬಸ್ಸು ಲಾರಿಗಳಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ಎತ್ತಿನ ಗಾಡಿ ಎಂಟು ಕಾರುಗಳಷ್ಟು ಉದ್ದವಿಲ್ಲ. ಹಿಂದಿನವರನ್ನು ಅಷ್ಟರ ಮಟ್ಟಿಗೆ ತಡೆಯುತ್ತದೆ ಎಂದು ಅರ್ಥ. ಈ ಲೆಕ್ಕದಲ್ಲಿ, ಹೆಚ್ಚು ತಿರುವಿಲ್ಲದ ಬಯಲು ನೆಲದ ದ್ವಿಪಥ ರಸ್ತೆಗೆ ದಿನಕ್ಕೆ 15,000 ಘಟಕಗಳು ಸೂಕ್ತ; ತಿರುವುಗಳು ಹೆಚ್ಚಿದ್ದರೆ 12,500.

ದಿನದ ಮೊತ್ತ ಎಷ್ಟು ಮುಖ್ಯವೋ ಹಿಂದೆ ಸಿಕ್ಕಿಕೊಂಡು ಕಳೆಯುವ ಕಾಲವೂ ಅಷ್ಟೇ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಅಳೆಯುವುದು ಕಷ್ಟವೂ ಅಲ್ಲ. ರಸ್ತೆ ಬದಿಯಲ್ಲಿ ಗಡಿಯಾರ ಹಿಡಿದು ನಿಂತು, ಮುಂದಿನ ವಾಹನ ದಾಟಿದ ಮೂರು ಸೆಕೆಂಡಿನೊಳಗೆ ದಾಟುವ ವಾಹನಗಳು ನೂರಕ್ಕೆ ಎಷ್ಟು ಎಂದು ಎಣಿಸಿದರೆ ಒಂದು ಅಂದಾಜು ಸಿಗುತ್ತದೆ. ಸಂದಿಯಲ್ಲಿ ನುಸುಳುವ ನಮ್ಮ ಬೈಕುಗಳಿಗೆ ಈ ಅಳತೆ ಅಷ್ಟಾಗಿ ಹೊಂದುವುದಿಲ್ಲ, ನಿಜ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 2017ರಲ್ಲಿ ನಮ್ಮದೇ ರಸ್ತೆಗಳಲ್ಲಿ ಅಳೆದು ಭಾರತದ್ದೇ ಕೈಪಿಡಿ ತಂದದ್ದು ಅದಕ್ಕಾಗಿಯೇ.

ಹೀಗೆ ಅಳೆದರೆ ಪರಿಹಾರವೂ ಬೇರೆಯಾಗಿ ಕಾಣುತ್ತದೆ. ಇಡೀ ರಸ್ತೆಯನ್ನು ನಾಲ್ಕು ಪಥ ಮಾಡಲು ಗದ್ದೆ ಕಳೆದುಕೊಳ್ಳಬೇಕಾಗಿಲ್ಲ. ಅಲ್ಲಲ್ಲಿ ಹಿಂದಿಕ್ಕಲು ಹೆಚ್ಚುವರಿ ಪಥ ಕೊಟ್ಟರೆ ಸಾಲು ಕರಗುತ್ತದೆ. ರಸ್ತೆಯಂಚಿನ ಮಣ್ಣನ್ನು ಕನಿಷ್ಠ ಒಂದೂವರೆ ಮೀಟರ್ ಅಗಲ ಗಟ್ಟಿ ಮಾಡಿ ಡಾಂಬರು ಹಾಕಿದರೆ ಸಾಮರ್ಥ್ಯವನ್ನು ಶೇಕಡ 15ರಷ್ಟು ಹೆಚ್ಚಾಗಿ ಪರಿಗಣಿಸಬಹುದು ಎಂದು ಅದೇ 1990ರ ಮಾರ್ಗಸೂಚಿ ಹೇಳುತ್ತದೆ. ಆ ಅಂಚಿನಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹರಡಿದರೆ ಮಾತ್ರ ಆ ಲಾಭವೆಲ್ಲ ಹೋಯಿತು. ಊರಿಗೊಂದು ಕಣ ಕಟ್ಟಿಸುವುದನ್ನೂ ರಸ್ತೆ ಕೆಲಸದ ಭಾಗವೆಂದೇ ಪಂಚಾಯಿತಿಗಳು ಭಾವಿಸಬೇಕು.

ಕೊನೆಯದಾಗಿ ಒಂದು ವಿಷಯ. ವಾಹನ ಗಣತಿಯನ್ನು ವರ್ಷಕ್ಕೆ ಎರಡು ಬಾರಿಯಾದರೂ, ಏಳು ದಿನಗಳ ಕಾಲ, ಒಮ್ಮೆ ಸುಗ್ಗಿಯಲ್ಲಿ ಮತ್ತೊಮ್ಮೆ ಬಿಡುವಿನ ಕಾಲದಲ್ಲಿ ನಡೆಸಬೇಕು ಎಂದು ರಸ್ತೆ ಕಾಂಗ್ರೆಸ್ಸಿನ ನಿಯಮವಿದೆ. ನಿಮ್ಮ ಊರಿನ ರಸ್ತೆಗೆ ಯೋಜನೆ ಬಂದಾಗ, ಗಣತಿ ಕಬ್ಬು ಅರೆಯುವ ಹಂಗಾಮಿನಲ್ಲಿ ನಡೆದಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಯಾವ ತಿರುವಿನ ಹಿಂದೆ ಸಾಲು ಬೆಳೆಯುತ್ತದೆ ಎಂಬುದು ನಿಮಗೆ ಗೊತ್ತಿದೆ. ಅದನ್ನು ಬರೆದು ಕೊಡಿ. ನಮಸ್ಕಾರ.