ಹಾಸ್ಯಗಾರನ ಪಾಲು

ಕೇಳುಗರಿಗೆ ನಮಸ್ಕಾರ.

ಯಕ್ಷಗಾನದ ಯಾವುದಾದರೂ ಪ್ರಸಂಗಪುಸ್ತಕ ಬಿಡಿಸಿ ನೋಡಿ, ಅಲ್ಲಿರುವುದು ಬಹುಪಾಲು ಪದ್ಯಗಳೇ. ಮಾತನ್ನು ವೇಷಧಾರಿ ರಂಗದಲ್ಲೇ ಕಟ್ಟಬೇಕು. ಅರಸನಿಗೆ ಹಾಡಿ ಆಟ ನಡೆಸುವ ಭಾಗವತರ ಪದ್ಯದ ಆಸರೆಯಾದರೂ ಇದೆ. ಅವನು ‘ಯಾರಲ್ಲಿ?’ ಎಂದು ಕೂಗಿದಾಗ ಓಡಿಬರುವ ದೂತನಿಗೆ ಎಷ್ಟೋ ಕಡೆ ಒಂದು ಸಾಲೂ ಬರೆದಿಲ್ಲ. ಆ ದೂತನೇ ನಮ್ಮ ಹಾಸ್ಯಗಾರ. ಅದೇ ರಾತ್ರಿ ಅವನು ಮುದುಕಿಯಾಗಬಹುದು, ಪುರೋಹಿತನಾಗಬಹುದು. ಕಿರೀಟವೇಷ ಗ್ರಾಂಥಿಕ ಕನ್ನಡದಲ್ಲಿ ಗುಡುಗುವಾಗ ಇವನದು ಊರಮಾತು. ಭಾಗವತರನ್ನೇ ಮಾತಿಗೆಳೆಯುವ ಸಲಿಗೆಯೂ ಇವನಿಗುಂಟು.

ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ಪಾತ್ರವನ್ನು ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನವರು ಮರೆತಿಲ್ಲ. ಉತ್ತರದ ಶೈಲಿಯಾದ ಬಡಗಿನಲ್ಲಿ ಕುಂಜಾಲು ರಾಮಕೃಷ್ಣ ನಾಯಕರ ಹೆಸರು ದೊಡ್ಡದು. ಹೊನ್ನಾವರದ ಬಳಿಯ ಕರ್ಕಿಯಲ್ಲಂತೂ ಒಂದು ಕಲಾವಿದ ಮನೆತನಕ್ಕೆ ಹಾಸ್ಯಗಾರ ಎಂಬುದೇ ಅಡ್ಡಹೆಸರು.

ನನಗೆ ಹಾಸ್ಯಗಾರನ ನಿಜವಾದ ಪರೀಕ್ಷೆ ಬಾಹುಕನ ವೇಷ. ಕಾರ್ಕೋಟಕ ಸರ್ಪ ಕಚ್ಚಿ ರೂಪಗೆಟ್ಟ ನಳನೇ ಈ ಬಾಹುಕ. ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ರಥ ಹೊಡೆಯುತ್ತಾನೆ. ದಾರಿಯಲ್ಲಿ ರಾಜನ ಉತ್ತರೀಯ ಹಾರಿಹೋಗುತ್ತದೆ. ನಿಲ್ಲಿಸು ಎಂದರೆ, ಅದು ಆಗಲೇ ಯೋಜನ ಹಿಂದೆ ಬಿತ್ತು ಎನ್ನುತ್ತಾನೆ ಬಾಹುಕ. ಸಭೆ ಬಿದ್ದು ಬಿದ್ದು ನಗುತ್ತದೆ. ಆದರೆ ಆ ರಥ ಹೋಗುತ್ತಿರುವುದು ತನ್ನದೇ ಹೆಂಡತಿ ದಮಯಂತಿಯ ಮರುಸ್ವಯಂವರಕ್ಕೆ! ವಿದರ್ಭದಲ್ಲಿ ದಮಯಂತಿಯ ಸಖಿ ಕೇಶಿನಿ ಅವನ ಮಕ್ಕಳಿಬ್ಬರನ್ನೂ ಎದುರಿಗೆ ತಂದು ನಿಲ್ಲಿಸುತ್ತಾಳೆ. ಅಪ್ಪಿಕೊಂಡು ಅತ್ತುಬಿಡುತ್ತಾನೆ. ಮರುಕ್ಷಣವೇ ಸಾವರಿಸಿಕೊಂಡು, ‘ನನ್ನ ಮಕ್ಕಳೂ ಹೀಗೇ ಇದ್ದವು, ನೆನಪಾಯಿತು’ ಎಂದು ಮರೆಮಾಚಬೇಕು. ಒಳ್ಳೆಯ ಹಾಸ್ಯಗಾರ ಇಲ್ಲಿ ವಿಕಾರದ ನಡೆಯನ್ನು ಬಿಡುವುದಿಲ್ಲ. ದನಿಯೊಳಗೆ ಮಾತ್ರ ನಳ ಇಣುಕಿ ಹೋಗುತ್ತಾನೆ. ಒಂದು ಮಾತು ಹೆಚ್ಚಾದರೆ ಗುಟ್ಟು ರಟ್ಟು, ಒಂದು ಕುಣಿತ ಹೆಚ್ಚಾದರೆ ದುಃಖ ಮಾಯ. ಇಷ್ಟು ಹದ ಬೇಡುವ ವೇಷವನ್ನು ಹಾಸ್ಯಗಾರನ ಪಾಲಿಗೆ ಬಿಟ್ಟ ಪರಂಪರೆ ನಮ್ಮದು ಎಂಬುದೇ ನನಗೆ ಹೆಮ್ಮೆ.

ಈಗ ಕಾಲಮಿತಿಯ ಆಟಗಳು ಬಂದಿವೆ. ಹೊತ್ತು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಹಾಸ್ಯಕ್ಕೆ. ಹೊತ್ತು ಉಳಿದಾಗ ಕಥೆಗೆ ಹೊಂದದ ಸಿನಿಮಾ ಮಾತು ತುರುಕಿ ಎಳೆಯುವುದೂ ಉಂಟು. ಎರಡೂ ಹಾಸ್ಯಗಾರನಿಗೆ ಮಾಡುವ ಅನ್ಯಾಯವೇ. ಮೇಳಗಳು ವರ್ಷದ ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೊದಲು ನಿಮ್ಮೂರಲ್ಲಿ ನಳದಮಯಂತಿ ಆಡಿಸುವಿರಾದರೆ, ಬಾಹುಕನ ಭಾಗವನ್ನು ಪೂರ್ತಿ ಆಡಲು ಬಿಡಿ ಎಂದು ಮೇಳದವರನ್ನು ಮುಂಚಿತವಾಗಿಯೇ ಕೇಳಿಕೊಳ್ಳಿ.

ನಮಸ್ಕಾರ.